ಯುರೋಪ್ ಪ್ರವಾಸ: ವಾದ್ಯ ಪ್ಯಾಕಿಂಗ್ ಈ ಭಾನುವಾರ

ಎಲ್ಲರಿಗೂ ನಮಸ್ಕಾರ 🙏

ನಮ್ಮೂರಿನ ಘಟ ವಾದಕರು ಬ್ಯಾಂಡ್ ಜೊತೆ ಗುರುವಾರ ರಾತ್ರಿ ಯುರೋಪಿಗೆ ಹೊರಡುತ್ತಿದ್ದಾರೆ. ಪ್ಯಾಕಿಂಗ್ ಭಾನುವಾರ ಬೆಳಿಗ್ಗೆ 10ಕ್ಕೆ, ಅಭ್ಯಾಸದ ಕೋಣೆಯಲ್ಲಿ. ಮೂವರು ಬಂದರೆ ಸಾಕು, ಜಾತ್ರೆ ಬೇಡ.

ತಮಿಳುನಾಡಿನ ಮಾನಾಮದುರೈಯಲ್ಲಿ ಮಾಡಿದ ಘಟ ಭಾರದ್ದು, ಕ್ಯಾಬಿನ್‌ನ 7 ಕಿಲೋ ಮಿತಿ ನಂಬಬೇಡಿ. ಅದು ಗಟ್ಟಿ ಕೇಸಿನಲ್ಲಿ ಲಗೇಜಿಗೆ ಹೋಗಲಿ. ಸುತ್ತಲೂ ಕನಿಷ್ಠ 5 ಸೆಂ.ಮೀ. ಫೋಮ್ ಇರಲಿ. ಕಂಠ ಕೇಸಿನ ಗೋಡೆಗೆ ತಾಗಿದ್ದರೆ ಪೆಟ್ಟು ನೇರ ಮಣ್ಣಿಗೇ ಬೀಳುತ್ತದೆ. ಬಿರುಕು ಬಿಟ್ಟ ಘಟಕ್ಕೆ ಅಂಟು ಹಾಕಿದರೆ ನೀರು ನಿಂತೀತು, ನಾದ ಬಾರದು! ಹಗುರವಾದ ಎರಡನೇ ಘಟ ಕೈಯಲ್ಲಿ. ಬಾಯಿಗೆ ಹಿಡಿದು ನುಡಿಸುವ ಮೋರ್ಸಿಂಗ್ ಲೋಹದ್ದು, ತಪಾಸಣೆಯಲ್ಲಿ ತಕರಾರು ಬೇಡ, ಲಗೇಜಿಗೇ ಹಾಕಿ.

ಖಂಜಿರ ಕೊಡುವವರು ಗಮನಿಸಿ: ಉಡದ ಚರ್ಮದ್ದು ಖಂಡಿತ ಬೇಡ. ವನ್ಯಜೀವಿ ಕಾಯ್ದೆಯಡಿ ಅಪರಾಧ, ಗಡಿಯಲ್ಲಿ ಸಿಕ್ಕರೆ ವಾದ್ಯ ಜಪ್ತಿ. ಮೇಕೆ ಚರ್ಮದ್ದು ಅಥವಾ ಸಿಂಥೆಟಿಕ್ ಮಾತ್ರ.

ಎಟಿಎ ಕಾರ್ನೆ (ವಸ್ತುಗಳನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಹೊರದೇಶಕ್ಕೆ ಒಯ್ದು ತರಲು ಬೇಕಾದ ಕಸ್ಟಮ್ಸ್ ದಾಖಲೆ) ಪಟ್ಟಿಯಲ್ಲಿರುವ ವಾದ್ಯಗಳನ್ನಷ್ಟೇ ಒಯ್ಯಬೇಕು. ಕಡೇ ಗಳಿಗೆಯಲ್ಲಿ "ಇದೂ ಇರಲಿ" ಅಂತ ಏನನ್ನೂ ಸೇರಿಸಬೇಡಿ. ಬೆಂಗಳೂರಿನಲ್ಲಿ ಲಗೇಜ್ ಒಪ್ಪಿಸುವ ಮೊದಲೇ ಕಾರ್ನೆಗೆ ಕಸ್ಟಮ್ಸ್ ಮುದ್ರೆ ಹಾಕಿಸಬೇಕು. ಪೆಟ್ಟಿಗೆ ಒಳಗೆ ಹೋದಮೇಲೆ ತೋರಿಸಲು ವಾದ್ಯವೇ ಇರುವುದಿಲ್ಲ. ಲಂಡನ್, ಜ್ಯೂರಿಕ್ ಎರಡೂ ಐರೋಪ್ಯ ಒಕ್ಕೂಟದ ಹೊರಗೆ, ಅಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಮುದ್ರೆ ಬೇಕು. ಒಂದು ತಪ್ಪಿದರೂ ಆಮೇಲೆ ಸುಂಕದ ಬಿಲ್ ಬರಬಹುದು.

ಬರುವವರು, ಫೋಮ್ ತರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಶುಭಾಶಯದ ಸ್ಟಿಕರ್‌ಗಳನ್ನು ದಯವಿಟ್ಟು ಗುರುವಾರಕ್ಕೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಈ ಸೂಚನೆ ಮೇಲೆ ಹೋಗಿಬಿಡುತ್ತದೆ.