ಲಿಪಿಡ್ ಲ್ಯಾಬ್ ಸೇರುತ್ತಿರುವ ಪುಟ್ಟಿಗೆ

ಚಿರಂಜೀವಿ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನೀನು ಲಿಪಿಡ್ ಲ್ಯಾಬ್‌ನಲ್ಲಿ ಪಿಎಚ್‌ಡಿಗೆ ಸೇರುತ್ತಿರುವ ವಿಷಯ ನಿನ್ನ ಅಮ್ಮ ಹೇಳಿದಳು. ತುಂಬಾ ಖುಷಿಯಾಯಿತು. ನಮ್ಮ ಮೇಷ್ಟ್ರು ಈಗ ಇದ್ದಿದ್ದರೆ ನಿನ್ನನ್ನು ಮೊದಲು ಅವರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ರಕ್ತದಲ್ಲಿ ಓಡಾಡುವ ಕೊಬ್ಬು ಹೃದಯದ ನಾಳಗಳನ್ನು ಹೇಗೆ ಕೆಡಿಸುತ್ತದೆ ಎಂಬ ಒಂದೇ ಪ್ರಶ್ನೆಗೆ ಜೀವಮಾನ ಕೊಟ್ಟವರು ಅವರು.

ಅಂಕಿ ನೋಡುವ ಮುಂಚೆ ಟ್ಯೂಬ್ ನೋಡಬೇಕು ಎನ್ನುತ್ತಿದ್ದರು. ಪ್ಲಾಸ್ಮಾವನ್ನು, ಅಂದರೆ ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವವನ್ನು, ರಾತ್ರಿಯಿಡೀ ಫ್ರಿಜ್‌ನಲ್ಲಿ ಅಲ್ಲಾಡಿಸದೆ ಇಡಿಸುತ್ತಿದ್ದರು. ಬೆಳಿಗ್ಗೆ ಮೇಲೆ ಕೆನೆ ಕಟ್ಟಿದ್ದರೆ ಅದು ಕೈಲೋಮೈಕ್ರಾನ್, ಊಟದ ಕೊಬ್ಬನ್ನು ಕರುಳಿನಿಂದ ಹೊತ್ತು ತರುವ ಕಣ. ಕೆನೆಯಿಲ್ಲದೆ ಪೂರ್ತಿ ಮಬ್ಬಾಗಿದ್ದರೆ ಲಿವರ್ ಕಳಿಸಿದ ಕೊಬ್ಬಿನ ಕಣ ವಿಎಲ್‌ಡಿಎಲ್ ಜಾಸ್ತಿ ಇದೆ ಅಂತ. ಕೊಲೆಸ್ಟೆರಾಲ್ ಹೊರುವ ಸಣ್ಣ ಕಣ ಎಲ್‌ಡಿಎಲ್ ಮಾತ್ರ ಎಷ್ಟೇ ಏರಿದರೂ ಪ್ಲಾಸ್ಮಾ ತಿಳಿಯಾಗಿಯೇ ಇರುತ್ತದೆ. ನಾಳದ ಗೋಡೆಯಲ್ಲಿ ಸೇರಿಕೊಳ್ಳುವ ಆ ಕಣ ಹೀಗೆ ಕಣ್ಣು ತಪ್ಪಿಸುತ್ತದೆ ನೋಡು!

ರಿಪೋರ್ಟ್‌ನಲ್ಲಿ ಬರುವ ಎಲ್‌ಡಿಎಲ್ ಎಷ್ಟೋ ಸಲ ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ಒಟ್ಟು ಕೊಲೆಸ್ಟೆರಾಲ್‌ನಿಂದ ‘ಒಳ್ಳೆಯ ಕೊಲೆಸ್ಟೆರಾಲ್’ ಎನ್ನುವ ಎಚ್‌ಡಿಎಲ್ ಕಳೆದು, ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುವುದು 1972ರ ಫ್ರೀಡ್‌ವಾಲ್ಡ್ ಸೂತ್ರ. ಟ್ರೈಗ್ಲಿಸರೈಡ್ ಡೆಸಿಲೀಟರ್‌ಗೆ 400 ಮಿಲಿಗ್ರಾಂ ದಾಟಿದರೆ ಅದನ್ನು ನಂಬಬಾರದು. ಯಾವುದೇ ಅಂಕಿ ಕೈಗೆ ಬಂದರೂ ಅದು ಹೇಗೆ ಬಂತು ಅಂತ ಮೊದಲು ಕೇಳು.

ಮೇಷ್ಟ್ರಿಗೆ ಬಹಳ ಇಷ್ಟವಾದದ್ದು ಅಮೆರಿಕದ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರ ಕೆಲಸ. ಕೆಲವು ಮಕ್ಕಳಿಗೆ ಎಳೆ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗುತ್ತಿತ್ತು. ಅವರಿಬ್ಬರೂ ಅಂಥ ರೋಗಿಗಳ ಚರ್ಮದ ಜೀವಕೋಶ ಬೆಳೆಸಿ ನೋಡಿದರು. ಎಲ್‌ಡಿಎಲ್ ಅನ್ನು ಹಿಡಿದು ಒಳಗೆ ಎಳೆದುಕೊಳ್ಳುವ ರಿಸೆಪ್ಟರೇ ಅಲ್ಲಿ ಕೆಲಸ ಮಾಡುತ್ತಿರಲಿಲ್ಲ, ಹಾಗಾಗಿ ಅದು ರಕ್ತದಲ್ಲೇ ಉಳಿಯುತ್ತಿತ್ತು. 1985ರಲ್ಲಿ ಅವರಿಗೆ ನೊಬೆಲ್ ಬಂತು. ಹುಟ್ಟಿನಿಂದಲೇ ಎಲ್‌ಡಿಎಲ್ ಏರಿದ್ದವರಿಗೆ ಹೃದಯ ಕೆಡುತ್ತಿತ್ತು. ಹಾಗಾಗಿ ಎಲ್‌ಡಿಎಲ್ ಸುಮ್ನೆ ಜೊತೆಗಿರುವುದಲ್ಲ, ಅದೇ ಕಾರಣ ಅನ್ನಲು ಬಲ ಬಂತು.

ಎಚ್‌ಡಿಎಲ್ ಕತೆ ಬೇರೆ. ಅದು ಜಾಸ್ತಿ ಇದ್ದವರಲ್ಲಿ ಹೃದಯರೋಗ ಕಮ್ಮಿ ಕಾಣುತ್ತಿತ್ತು, ನಿಜ. ಅದನ್ನು ಏರಿಸಿದರೆ ಹೃದಯ ಉಳಿಯುತ್ತದೆ ಅಂದುಕೊಂಡು ಟಾರ್ಸೆಟ್ರಾಪಿಬ್ ಎಂಬ ಔಷಧಿ ಮಾಡಿದರು. ಎಚ್‌ಡಿಎಲ್ ಏರಿತು, ಜೊತೆಗೆ ಸಾವೂ ಹೆಚ್ಚಿತು. 2006ರಲ್ಲಿ ಆ ದೊಡ್ಡ ಪರೀಕ್ಷೆ ನಿಲ್ಲಿಸಬೇಕಾಯಿತು. ಆ ಔಷಧಿ ರಕ್ತದೊತ್ತಡವನ್ನೂ ಏರಿಸುತ್ತಿತ್ತು ಎನ್ನುವುದನ್ನು ಮರೆಯಬೇಡ. ಆದರೂ ಮುಂದೆ ಬಂದ ಅದೇ ಗುಂಪಿನ ಔಷಧಿಗಳೂ ಎಚ್‌ಡಿಎಲ್ ಮೇಲಿಟ್ಟಿದ್ದ ಆಸೆಯನ್ನು ಉಳಿಸಲಿಲ್ಲ. ನಿನ್ನ ಗ್ರಾಫ್‌ನಲ್ಲಿ ಎರಡು ಗೆರೆ ಜೊತೆಯಾಗಿ ಏರಿದಾಗ, ಒಂದು ಇನ್ನೊಂದಕ್ಕೆ ಕಾರಣ ಅನ್ನುವ ಮುಂಚೆ ಈ ಔಷಧಿಯನ್ನು ನೆನೆದುಕೋ.

ಇನ್ನೊಂದು. ರಕ್ತ ಕೊಟ್ಟ ಪ್ರತಿಯೊಬ್ಬರಿಗೂ ಮೇಷ್ಟ್ರು ತಾವೇ ಕೂತು ರಿಪೋರ್ಟ್ ಓದಿ ಹೇಳುತ್ತಿದ್ದರು. ಎಷ್ಟೇ ಕೆಲಸವಿದ್ದರೂ ಅದನ್ನು ನಮಗೆ ಬಿಡುತ್ತಿರಲಿಲ್ಲ. ನಿನ್ನ ಲ್ಯಾಬ್‌ನಲ್ಲಿ ಈ ರೂಢಿ ಇಲ್ಲದಿದ್ದರೆ ಗೈಡ್ ಹತ್ತಿರ ಕೇಳಿ ನೀನೇ ಶುರು ಮಾಡು.

ಮುಂದಿನ ಪತ್ರದಲ್ಲಿ ನಿನ್ನ ಸ್ಯಾಂಪಲ್‌ಗಳನ್ನು ಉಪವಾಸದಲ್ಲಿ ತೆಗೆದುಕೊಳ್ಳುತ್ತೀರಾ, ಊಟದ ನಂತರವಾ, ಬರಿ.

ನಿನ್ನ ಪ್ರೀತಿಯ
ದೊಡ್ಡಪ್ಪ