ಡಿಗ್ರಿ ಇದೆ, ಮೈಕ್ರೋಮೀಟರ್ ಹಿಡಿಯೋಕೆ ಬರಲ್ಲ

ಸಂಪಾದಕರಿಗೆ ನಮಸ್ಕಾರ,

ಓದಿದ ಹುಡುಗರಿಗೆ ಕೆಲಸ ಇಲ್ಲ ಅಂತ ಒಂದು ದಿನ, ಕೆಲಸಕ್ಕೆ ಜನಾನೇ ಸಿಗ್ತಿಲ್ಲ ಅಂತ ಇನ್ನೊಂದು ದಿನ ಪೇಪರ್‌ನಲ್ಲಿ ಓದ್ತೀವಿ. ಎರಡೂ ನಿಜಾನೇ. ನಾನು ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಸೂಪರ್‌ವೈಸರ್, ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯೋ ಮೆಷಿನ್) ಆಪರೇಟರ್ ಬೇಕಾಗಿದ್ದಾರೆ ಅನ್ನೋ ಬೋರ್ಡು ನಮ್ಮ ಗೇಟಿಂದ ಇಳಿದಿದ್ದೇ ಇಲ್ಲ.

ಮೊನ್ನೆ ಮೆಕ್ಯಾನಿಕಲ್ ಬಿಇ ಮುಗಿಸಿದ ಹುಡುಗ ಒಬ್ಬ ಬಂದಿದ್ದ. ಕ್ಯಾಡ್‌ನಲ್ಲಿ ಡ್ರಾಯಿಂಗ್ ಚೆನ್ನಾಗೇ ಮಾಡ್ದ, ಸುಳ್ಳು ಹೇಳಬಾರದು. ದಪ್ಪವನ್ನ ತುಂಬಾ ಸೂಕ್ಷ್ಮವಾಗಿ ಅಳೆಯೋ ಮೈಕ್ರೋಮೀಟರ್ ಕೈಗೆ ಕೊಟ್ಟು ಈ ಶಾಫ್ಟ್ ಎಷ್ಟು ದಪ್ಪ ಇದೆ ನೋಡಪ್ಪ ಅಂದ್ರೆ, ಹದವಾಗಿ ಬಿಗಿಯೋಕೆ ತುದಿಯಲ್ಲಿರೋ ರ‍್ಯಾಚೆಟ್ ಬಿಟ್ಟು ತಿರುಗೋ ಹಿಡಿ ತಿಂಬಲ್ಲನ್ನೇ ನಲ್ಲಿ ತಿರುಗಿಸಿದ ಹಾಗೆ ಬಿಗಿದುಬಿಟ್ಟ. ಕಾಲೇಜಲ್ಲಿ ಲೇತ್ ಸುತ್ತ ಇಡೀ ಬ್ಯಾಚ್ ನಿಂತು ನೋಡ್ತಿದ್ವಿ ಸರ್, ರೆಕಾರ್ಡು ಸೀನಿಯರ್‌ದು ನೋಡಿ ಬರೀತಿದ್ವಿ ಅಂದ. ಈಗ ಫುಡ್ ಡೆಲಿವರಿ ಮಾಡ್ತಾನಂತೆ.

ಅವನನ್ನ ಬೈದು ಏನು ಬಂತು? ಇಂಟರ್ನ್‌ಶಿಪ್ ಸಿಲಬಸ್‌ನಲ್ಲೇನೋ ಇದೆ, ಆದ್ರೆ ದುಡ್ಡು ಕಟ್ಟಿಸ್ಕೊಂಡು ಆನ್‌ಲೈನ್‌ನಲ್ಲೇ ಸರ್ಟಿಫಿಕೇಟ್ ಕೊಡೋರು ಬೇಕಾದಷ್ಟಿದ್ದಾರೆ. ಮಾಲೀಕರೂ ಕಮ್ಮಿ ಇಲ್ಲ, ಫ್ರೆಶರ್ ಸಂಬಳಕ್ಕೆ ಎರಡು ವರ್ಷ ಎಕ್ಸ್‌ಪೀರಿಯನ್ಸ್ ಇರೋನು ಬೇಕಂತೆ! ಇನ್ನು ಐಟಿಐ ಫಿಟರ್ ಪಾಸಾಗಿ ಕೈಕೆಲಸ ಬರೋ ಹುಡುಗರು ಕಾಂಟ್ರಾಕ್ಟರ್ ಕೈಕೆಳಗೆ ಬಾಕ್ಸ್‌ಗೆ ಟೇಪ್ ಹಚ್ತಾ ಕೂತಿರೋದನ್ನೂ ಇದೇ ಏರಿಯಾದಲ್ಲಿ ನೋಡ್ತೀನಿ.

ದಾರಿ ಏನೂ ಹೊಸದಾಗಿ ಹುಡುಕಬೇಕಾಗಿಲ್ಲ, ಡೆನ್ಮಾರ್ಕ್ ಸರ್ಕಾರದ ಸಹಕಾರದಲ್ಲಿ 1972ರಲ್ಲಿ ಬೆಂಗಳೂರಲ್ಲಿ ಶುರುವಾದ ನಮ್ಮ ಜಿಟಿಟಿಸಿನೇ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಇದೆಯಲ್ಲ. ಅಲ್ಲಿ ಟೂಲ್ ಅಂಡ್ ಡೈ (ಬಿಡಿಭಾಗ ತಯಾರಿಸೋಕೆ ಬೇಕಾದ ಅಚ್ಚು, ಉಪಕರಣ ಮಾಡೋ ಕೆಲಸ) ಡಿಪ್ಲೊಮಾ ಮಾಡೋರು ಮೂರು ವರ್ಷ ಓದಿ ನಾಲ್ಕನೇ ವರ್ಷ ಪೂರ್ತಿ ಕಂಪನಿಯಲ್ಲೇ ಕಲೀತಾರೆ. ಆ ಹುಡುಗರು ಬಂದ್ರೆ ನಾವು ಮೆಷಿನ್ ಹತ್ರ ಬಿಟ್ಟು ಧೈರ್ಯವಾಗಿ ಊಟಕ್ಕೆ ಹೋಗ್ತೀವಿ.

ಅಪ್ರೆಂಟಿಸ್ ತಗೊಳ್ಳೋದು 30 ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಕಡೆ ಮಾತ್ರ ಕಡ್ಡಾಯ, ಪೀಣ್ಯದಲ್ಲಿ ಎಷ್ಟೋ ಶೆಡ್‌ಗಳಲ್ಲಿ ಅಷ್ಟು ಜನಾನೇ ಇರಲ್ಲ. ಯುವನಿಧಿಯಲ್ಲಿ ಡಿಗ್ರಿ ಆದೋರಿಗೆ ತಿಂಗಳಿಗೆ 3,000, ಡಿಪ್ಲೊಮಾದೋರಿಗೆ 1,500 ಎರಡು ವರ್ಷದ ತನಕ ಕೊಡ್ತಾರೆ, ಕೊಡಲಿ, ಬೇಡ ಅನ್ನಲ್ಲ. ಅದರ ಜೊತೆಗೆ ಇಂಥ ಸಣ್ಣ ಶೆಡ್‌ನಲ್ಲಿ ಒಂದು ವರ್ಷ ಕಲಿಯೋಕೆ ಬರೋ ಹುಡುಗನಿಗೆ ಸರ್ಕಾರ ಇನ್ನೊಂದಿಷ್ಟು ಸ್ಟೈಫಂಡ್ ಸೇರಿಸಿ ಕೊಡಲಿ, ಕಲಿಸೋಕೆ ನಾವು ರೆಡಿ. ಸರ್ಟಿಫಿಕೇಟ್‌ಗೆ ಸೈನ್ ಹಾಕೋ ಮುಂಚೆ ಕಾಲೇಜಿನ ಮೇಷ್ಟ್ರು ಒಂದ್ಸಲ ಶೆಡ್‌ಗೆ ಬಂದು ಅವನ ಕೈಗೆ ಮೈಕ್ರೋಮೀಟರ್ ಕೊಟ್ಟು ನೋಡಲಿ.

ಇಂತಿ,
ಒಬ್ಬ ಸೂಪರ್‌ವೈಸರ್, ಪೀಣ್ಯ, ಬೆಂಗಳೂರು