ಹಳೆಯ ಕಾನ್ಫಿಗ್ ಫೈಲ್ ತೆಗೆಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಡೆಬಿಯನ್ (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) ಪ್ಯಾಕೇಜ್ ನೋಡಿಕೊಳ್ಳುವವರು ದಯವಿಟ್ಟು ಇದನ್ನು ಓದಿ.

ಪ್ಯಾಕೇಜ್‌ನ ಹೊಸ ಆವೃತ್ತಿಯಲ್ಲಿ ಒಂದು ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲ್ ಕೈಬಿಟ್ಟರೆ, ಅಪ್‌ಗ್ರೇಡ್ ಆದಾಗ ಪ್ಯಾಕೇಜ್ ಹಾಕುವ, ತೆಗೆಯುವ ಸಾಧನವಾದ ಡಿಪಿಕೆಜಿ ಅದನ್ನು ತಾನಾಗಿಯೇ ಅಳಿಸುವುದಿಲ್ಲ. ‘ಅಬ್ಸಲೀಟ್’ (ಬಳಕೆ ತಪ್ಪಿದ್ದು) ಎಂದು ಗುರುತು ಹಾಕಿ ಸುಮ್ನೆ ಬಿಡುತ್ತದೆ. ಇದ್ದರೆ ಇರಲಿ ಬಿಡಿ ಅನ್ನಬೇಡಿ. ಹಳೆಯ ಲಾಗ್‌ಗಳನ್ನು ಆಗಾಗ ಬದಲಿಸುವ ಲಾಗ್‌ರೊಟೇಟ್‌ನ ಕಾನ್ಫಿಗ್ ಫೈಲ್‌ಗೆ ಹೊಸ ಹೆಸರು ಕೊಟ್ಟಿದ್ದೀರಿ ಅಂದುಕೊಳ್ಳಿ. ಹಳೆಯದೂ ಅಲ್ಲೇ ಇರುತ್ತದೆ. ಒಂದೇ ಲಾಗ್ ಎರಡು ಕಡೆ ಸಿಕ್ಕಿತೆಂದು ಲಾಗ್‌ರೊಟೇಟ್ ತಕರಾರು ತೆಗೆಯುತ್ತದೆ. ನಿಗದಿತ ಸಮಯಕ್ಕೆ ಕೆಲಸ ನಡೆಸುವ ಕ್ರಾನ್‌ನ ಫೈಲ್ ಉಳಿದರಂತೂ ಹಳೆಯ ಕೆಲಸ ನಡೆಯುತ್ತಲೇ ಇರುತ್ತದೆ.

ಹಾಗಂತ ಪೋಸ್ಟ್‌ಇನ್‌ಸ್ಟ್‌ನಲ್ಲಿ (ಪ್ಯಾಕೇಜ್ ಹಾಕಿದ ಮೇಲೆ ಓಡುವ ಸ್ಕ್ರಿಪ್ಟ್) ನೇರವಾಗಿ ಫೈಲ್ ಅಳಿಸುವ ಆರ್‌ಎಂ ಆದೇಶ ಹಾಕಬೇಡಿ. ಬಳಕೆದಾರರು ಆ ಫೈಲ್ ತಿದ್ದಿರಬಹುದು, ಅದನ್ನು ಹೇಳದೆ ಕೇಳದೆ ಅಳಿಸುವುದು ಸರಿಯಲ್ಲ, ಅಲ್ವಾ? ಡೆಬಿಯನ್ ಫೋಲ್ಡರ್‌ನಲ್ಲಿರುವ ಮೇಂಟ್‌ಸ್ಕ್ರಿಪ್ಟ್ ಫೈಲ್‌ಗೆ ಕಾನ್ಫಿಗ್ ಫೈಲ್ ತೆಗೆಯಲು ಹೇಳುವ ಆರ್‌ಎಂ_ಕಾನ್‌ಫೈಲ್ ಸಾಲು ಸೇರಿಸಿ. ತಿದ್ದದ ಫೈಲ್ ಅಳಿಯುತ್ತದೆ. ತಿದ್ದಿದ್ದು ಡಿಪಿಕೆಜಿ-ಬ್ಯಾಕ್ ಎಂಬ ಬಾಲದೊಂದಿಗೆ ಉಳಿಯುತ್ತದೆ.

ಜಾಸ್ತಿ ಜನ ಎಡವುವುದು ಆವೃತ್ತಿ ಸಂಖ್ಯೆಯಲ್ಲಿ. ಫೈಲ್ ತೆಗೆದದ್ದು 2.0-1ರಲ್ಲಾದರೆ ಆ ಸಾಲಿನಲ್ಲಿ 2.0-1~ ಎಂದೇ ಬರೆಯಿರಿ. ಕೊನೆಯ ಆ ~ ಗುರುತು ಮರೆಯಬೇಡಿ. ಹಿಂದಿನ ಆವೃತ್ತಿಯನ್ನು ಯಾರಾದರೂ ತಾವೇ ಬಿಲ್ಡ್ ಮಾಡಿ 1.0-1ಲೋಕಲ್1 ಥರ ಹೆಸರಿಟ್ಟಿದ್ದರೂ ಆಗ ಫೈಲ್ ಹೋಗುತ್ತದೆ.

ಸಾಲು ಸೇರಿಸಿದ ಮರು ಬಿಡುಗಡೆಯಲ್ಲೇ ಅದನ್ನು ಕಿತ್ತು ಹಾಕಬೇಡಿ. ನಡುವಿನ ಆವೃತ್ತಿ ಹಾರಿ ಬರುವವರೂ ಇರುತ್ತಾರೆ. ಡೆಬಿಯನ್‌ನ ಮುಂದಿನ ಸ್ಟೇಬಲ್ (ಸ್ಥಿರ) ಬಿಡುಗಡೆ ಬರುವ ತನಕವಾದರೂ ಇರಲಿ.

ನಿಮ್ಮ ಗಣಕದಲ್ಲಿ ಏನೇನು ಉಳಿದಿದೆ ಎಂದು ಹಾಕಿರುವ ಪ್ಯಾಕೇಜ್‌ಗಳನ್ನು ಪರೀಕ್ಷಿಸುವ ಅಡಿಕ್ವೇಟ್ ಸಾಧನ ಓಡಿಸಿ ನೋಡಿ, ನಿಮ್ಮ ಪ್ಯಾಕೇಜ್ ಸಿಕ್ಕರೆ ಇಲ್ಲೇ ತಿಳಿಸಿ.